ಪಂಪ್‌ವೆಲ್ ಟೈಮ್

“ಎರಡು ಪುಟ ಬರೆದು ಕೊಡಿ ಅಂಕಲ್, ಸಾಕು” ಎಂದು ಪ್ರಜ್ಞಾ ಹೇಳಿ ಎಂಟು ತಿಂಗಳಾಯಿತು. ಪ್ರಜ್ಞಾ ನಮ್ಮ ಬಸ್ ಮಾಲಕರ ಸಂಘದ ಕಚೇರಿಗೆ ಹೊಸದಾಗಿ ಸೇರಿದ ಹುಡುಗಿ. ಅವಳ ಮೇಜಿನ ಎದುರು ದೊಡ್ಡದೊಂದು ಸ್ಕ್ರೀನು. ಅದರಲ್ಲಿ ನಮ್ಮ ರೂಟಿನ ಬಸ್ಸುಗಳೆಲ್ಲ ಹಸಿರು ಚುಕ್ಕೆಗಳಾಗಿ ತೆವಳುತ್ತವೆ. ತಡವಾದ ಬಸ್ಸಿನ ಚುಕ್ಕೆ ಕೆಂಪಾಗುತ್ತದೆ. ಮೂವತ್ತೊಂದು ವರ್ಷ ನಾನು ಟೈಮ್ ಕೀಪರನಾಗಿ ಪಂಪ್‌ವೆಲ್ ಸರ್ಕಲಿನ ಬಿಸಿಲಲ್ಲಿ ನಿಂತು, ಗಂಟಲು ಹರಿದುಕೊಂಡು ಮಾಡಿದ ಕೆಲಸವನ್ನು ಅವಳು ಎಸಿ ಕೋಣೆಯಲ್ಲಿ ಕೂತು ಚಹಾ ಕುಡಿಯುತ್ತ ಮಾಡುತ್ತಾಳೆ. ನನಗೆ ಹೊಟ್ಟೆಕಿಚ್ಚಿಲ್ಲ. ಸ್ವಲ್ಪ ಇದ್ದರೂ ಇರಬಹುದು.

ಅವಳಿಗೂ ಅವಳ ಜೊತೆ ಸೇರಿದ ನಾಲ್ಕೈದು ಜನರಿಗೂ ಹಳಬರ ಅನುಭವ ಓದಬೇಕಂತೆ. ಬರೆದು ಕೊಟ್ಟರೆ ಸಂಘದ ವಾಟ್ಸಾಪ್ ಗ್ರೂಪಿಗೆ ಹಾಕುತ್ತಾಳಂತೆ. ಹಾಕಲಿ. ಆ ಗ್ರೂಪಿನಲ್ಲಿ ಮಾಲಕರಿದ್ದಾರೆ, ಡ್ರೈವರುಗಳಿದ್ದಾರೆ, ಕಂಡಕ್ಟರುಗಳಿದ್ದಾರೆ. ಅವರಿಗೆಲ್ಲ ತಿಳಿಯಬೇಕಾದ ಒಂದು ವಿಷಯ ನನ್ನ ಹತ್ತಿರ ಇದೆ. ಶೇಖರ ಎಂಬ ಒಬ್ಬ ಡ್ರೈವರನ ಹೆಸರಿನ ಎದುರು ನಾನು ಕೆಂಪು ಶಾಯಿಯಲ್ಲಿ ಬರೆದದ್ದು ಸುಳ್ಳು ಎಂಬುದೇ ಆ ವಿಷಯ. ಅದೊಂದು ಇಲ್ಲದಿದ್ದರೆ ನಾನು ಪೆನ್ನು ಮುಟ್ಟುತ್ತಿರಲಿಲ್ಲ. ಎರಡು ಪುಟದಲ್ಲಿ ಮುಗಿಯುವುದಿಲ್ಲ, ಓದುವವರು ಸಹಿಸಿಕೊಳ್ಳಬೇಕು.

ಓದಲಿಕ್ಕೆ ಪುರುಸೊತ್ತು ಯಾರಿಗುಂಟು ಎಂಬುದು ಬೇರೆ ಪ್ರಶ್ನೆ. ನಿವೃತ್ತನಾದ ಮೇಲೆ ನಾನು ಕಂಡುಕೊಂಡ ಮೊದಲ ಸಂಗತಿ ಎಂದರೆ, ಇಡೀ ಮಂಗಳೂರಿನಲ್ಲಿ ಪುರುಸೊತ್ತು ಇರುವ ಮನುಷ್ಯ ನಾನೊಬ್ಬನೇ. ಶಕ್ತಿನಗರದ ನಮ್ಮ ಮನೆಯಲ್ಲಿ ಮಗ ಬ್ಯುಸಿ, ಸೊಸೆ ಬ್ಯುಸಿ. ಮೊನ್ನೆ ಯುಕೆಜಿಯ ಮೊಮ್ಮಗಳನ್ನು “ಬಾ ಮಗಾ, ಒಂದು ಕತೆ ಹೇಳ್ತೇನೆ” ಎಂದು ಕರೆದರೆ “ಈಗ ಬೇಡ ಅಜ್ಜ, ನಂಗೆ ಪ್ರಾಜೆಕ್ಟ್ ಉಂಟು” ಎಂದಳು. ಐದು ವರ್ಷದ ಮಗುವಿಗೆ ಎಂತ ಪ್ರಾಜೆಕ್ಟು? ಕೊತ್ತಂಬರಿ ಸೊಪ್ಪು ಬೇಕಾದರೆ ಫೋನು ಒತ್ತಿದ ಹತ್ತು ನಿಮಿಷಕ್ಕೆ ಬಾಗಿಲಿಗೆ ಬರುತ್ತದೆ. ತಂದವನು ಹೆಲ್ಮೆಟ್ ತೆಗೆಯುವುದಿಲ್ಲ. ನೀರು ಬೇಕಾ ಎಂದು ಕೇಳುವಷ್ಟರಲ್ಲಿ ಗೇಟಿನ ಹೊರಗೆ ಇರುತ್ತಾನೆ. ಕೊತ್ತಂಬರಿಗೆ ಇಷ್ಟು ಅರ್ಜೆಂಟು ಯಾಕೆ ಎಂದು ಸೊಸೆಯನ್ನು ಕೇಳಿದೆ. “ಅರ್ಜೆಂಟು ಎಂತ ಇಲ್ಲ ಮಾವ, ಅದು ಬರುವುದೇ ಹಾಗೆ” ಎಂದಳು.

ಸುದ್ದಿಯ ಕತೆಯೂ ಹೀಗೆಯೇ. ಬೆಳಿಗ್ಗೆ ಏಳುವಾಗ ಫೋನಿನಲ್ಲಿ ಇನ್ನೂರು ಮೆಸೇಜು. ಎಲ್ಲೋ ಯುದ್ಧ, ಎಲ್ಲೋ ನೆರೆ, ಯಾರೋ ಯಾರಿಗೋ ಬೈದದ್ದು, ಅದಕ್ಕೆ ಇನ್ಯಾರೋ ತಿರುಗಿ ಬೈದದ್ದು. ನಾನು ಕೆಲಸದಲ್ಲಿದ್ದಾಗ ಸುದ್ದಿ ಹೀಗೆ ಬರುತ್ತಿರಲಿಲ್ಲ. ನನಗೆ ಊರಿನ ಸಮಾಚಾರ ತಿಳಿಯುತ್ತಿದ್ದದ್ದು ತಡದಿಂದ. ಬಸ್ಸು ಐದು ನಿಮಿಷ ತಡವಾದರೆ ತೊಕ್ಕೊಟ್ಟಿನಲ್ಲಿ ಏನೋ ಮೆರವಣಿಗೆ. ಹತ್ತು ನಿಮಿಷವಾದರೆ ಯಾರೋ ಮಂತ್ರಿ ಬಂದಿದ್ದಾರೆ. ಇಪ್ಪತ್ತಾದರೆ ಹೆದ್ದಾರಿಯಲ್ಲಿ ಲಾರಿ ಅಡ್ಡ ಬಿದ್ದಿದೆ. ಒಂದು ಬಸ್ಸೂ ಬಾರದಿದ್ದರೆ ಬಂದ್, ಪುಸ್ತಕ ಮಡಚಿ ಮನೆಗೆ ಹೋಗಬಹುದು. ಸುದ್ದಿ ಬರುವಾಗ ತಡವಾಗಿ ಬರುತ್ತಿತ್ತು, ಆದರೆ ಬಂದದ್ದು ನಿಜವಾಗಿರುತ್ತಿತ್ತು.

ಹೊಸಬರಿಗಾಗಿ ಕೆಲಸದ ಬಗ್ಗೆ ಸ್ವಲ್ಪ ಹೇಳುತ್ತೇನೆ. ನಮ್ಮ ಊರಿನಲ್ಲಿ ಸಿಟಿ ಬಸ್ಸೆಂದರೆ ಬಹುಪಾಲು ಖಾಸಗಿ. ಒಂದೇ ರೂಟಿನಲ್ಲಿ ಹತ್ತು ಮಾಲಕರ ಬಸ್ಸು ಓಡುತ್ತದೆ. ಒಂದಕ್ಕೂ ಅದರ ಹಿಂದಿನದಕ್ಕೂ ಮೂರೇ ನಿಮಿಷದ ಅಂತರ. ಮುಂದಿನ ಬಸ್ಸು ಬೇಕಂತಲೇ ಒಂದು ನಿಮಿಷ ನಿಧಾನ ಮಾಡಿದರೆ, ಹಿಂದಿನ ಬಸ್ಸಿಗೆ ಸಿಗಬೇಕಾದ ಜನರನ್ನು ತಾನೇ ಬಾಚಿಕೊಂಡು ಹೋಗುತ್ತದೆ. ಹಿಂದಿನವನು ಸುಮ್ಮನಿರುತ್ತಾನಾ? ಓವರ್‌ಟೇಕ್ ಮಾಡುತ್ತಾನೆ, ಅಡ್ಡ ನಿಲ್ಲಿಸುತ್ತಾನೆ, ಇಬ್ಬರು ಕಂಡಕ್ಟರುಗಳು ರಸ್ತೆಯಲ್ಲೇ ಕಾಲರು ಹಿಡಿಯುತ್ತಾರೆ. ಅದಕ್ಕಾಗಿ ಮುಖ್ಯ ಸ್ಟಾಪುಗಳಲ್ಲಿ ಸಂಘದವರು ಒಬ್ಬ ಟೈಮ್ ಕೀಪರನನ್ನು ನಿಲ್ಲಿಸುತ್ತಿದ್ದರು. ಯಾವ ಬಸ್ಸು ಎಷ್ಟು ಗಂಟೆಗೆ ಬಂತು, ಎಷ್ಟಕ್ಕೆ ಹೊರಟಿತು ಎಂದು ಅವನು ಪುಸ್ತಕದಲ್ಲಿ ಬರೆಯಬೇಕು. ಸರಿಯಾಗಿ ಬಂದರೆ ನೀಲಿ ಶಾಯಿ, ತಡವಾದರೆ ಕೆಂಪು. ಕೆಂಪು ಹೆಚ್ಚಾದರೆ ಆ ಬಸ್ಸಿನ ಒಂದು ಟ್ರಿಪ್ ಕಟ್. ಟ್ರಿಪ್ ಕಟ್ ಆದ ಡ್ರೈವರು ಆ ದಿನ ಧಣಿಯ ಮುಖ ನೋಡುವ ಹಾಗಿಲ್ಲ.

ಪಂಪ್‌ವೆಲ್ಲಿನ ಪುಸ್ತಕ ನನ್ನದು, ತೊಕ್ಕೊಟ್ಟಿನದು ಉಮರಬ್ಬನದು. ನಡುವೆ ನೇತ್ರಾವತಿ ಸೇತುವೆ. ಅಲ್ಲಿಂದ ಇಲ್ಲಿಗೆ ಹದಿನೈದು ನಿಮಿಷ ಎಂದು ಸಂಘ ನಿಗದಿ ಮಾಡಿತ್ತು. ನಾವಿಬ್ಬರೂ ಭೇಟಿಯಾಗುತ್ತಿದ್ದದ್ದು ವರ್ಷಕ್ಕೊಮ್ಮೆ, ಸಂಘದ ಮಹಾಸಭೆಯಲ್ಲಿ, ಅದೂ ಊಟದ ಸಾಲಿನಲ್ಲಿ.

ಕಂಡಕ್ಟರುಗಳ ನೆಪಗಳನ್ನು ಬರೆದರೆ ಅದೇ ಒಂದು ಪುಸ್ತಕವಾದೀತು. ಎಲ್ಲರೂ ಫುಟ್‌ಬೋರ್ಡಿನಿಂದ ಹಾರಿ ಓಡಿಬಂದು ಮೊದಲು ನನ್ನ ಶರ್ಟಿನ ಬಗ್ಗೆ ಒಂದು ಒಳ್ಳೆಯ ಮಾತು ಹೇಳುತ್ತಿದ್ದರು. ಅನಂತರ ನೆಪ. ಒಬ್ಬ ಒಂದೇ ತಿಂಗಳಲ್ಲಿ ತನ್ನ ಅಜ್ಜಿಗೆ ಎರಡು ಸಲ ಹೃದಯಾಘಾತ ಮಾಡಿಸಿದ. “ಎಂತ ಮಾರಾಯ, ಅಜ್ಜಿ ಗಟ್ಟಿ ಉಂಟಲ್ಲ” ಎಂದೆ. “ಹೌದು ಅಣ್ಣ, ಹಳೇ ಕಾಲದ ಶರೀರ” ಎಂದ, ಮುಖದಲ್ಲಿ ನಗು ಇಲ್ಲ.

ನನ್ನ ತಪ್ಪುಗಳೂ ಕಡಿಮೆಯಲ್ಲ. ಫ್ಲೈಓವರಿನ ಕೆಲಸ ನಡೆಯುತ್ತಿದ್ದ ವರ್ಷಗಳಲ್ಲಿ ಪಂಪ್‌ವೆಲ್ಲಿನಲ್ಲಿ ಧೂಳು ಬಿಟ್ಟರೆ ಬೇರೆ ಏನೂ ಕಾಣುತ್ತಿರಲಿಲ್ಲ. ಒಂದು ದಿನ ಆ ಧೂಳಿನಲ್ಲಿ ನಮ್ಮ ರೂಟಿನ ಒಂದು ಬಸ್ಸು ನಿಲ್ಲಿಸದೆ ಮುಂದೆ ಹೋಗುವುದನ್ನು ಕಂಡು, ಅಡ್ಡ ಓಡಿ ಕೈ ತೋರಿಸಿ ನಿಲ್ಲಿಸಿದೆ. “ಏಳು ನಿಮಿಷ ಲೇಟು, ಮೇಲಿಂದ ನಿಲ್ಲಿಸುದೂ ಇಲ್ವಾ? ಎಂತ ಮದುವೆಗೆ ಹೋಗ್ತಾ ಇದ್ದೀರಾ?” ಎಂದು ಬೈದೆ. ಕಿಟಕಿಯಿಂದ ಬಾಸಿಂಗ ಕಟ್ಟಿದ ಒಂದು ತಲೆ ಹೊರಗೆ ಬಂತು. “ಹೌದು ಅಣ್ಣ. ಮುಹೂರ್ತಕ್ಕೆ ಇನ್ನು ಅರ್ಧ ಗಂಟೆ ಉಂಟು” ಎಂದಿತು. ಬಸ್ಸನ್ನು ಆ ದಿನ ದಿಬ್ಬಣಕ್ಕೆ ಬಾಡಿಗೆಗೆ ಕೊಟ್ಟಿದ್ದರು. ನನಗೆ ತಿಳಿಸುವಷ್ಟು ಪುರುಸೊತ್ತು ಮಾಲಕರಿಗೆ ಇರಲಿಲ್ಲ. ಕಂಡಕ್ಟರುಗಳು ಅದನ್ನು ಹೇಳಿ ಒಂದು ಮಳೆಗಾಲ ಪೂರ್ತಿ ನಕ್ಕರು.

ನನ್ನನ್ನು ಕೆಲಸಕ್ಕೆ ಸೇರಿಸಿಕೊಂಡವರು ಸಂಘದ ಹಳೇ ಸೆಕ್ರೆಟರಿ. ಬಿಳಿ ಪಂಚೆ, ಬಿಳಿ ಶರ್ಟು, ಬಾಯಿಯಲ್ಲಿ ಸದಾ ಲವಂಗ. ಮೊದಲ ದಿನ ಅವರು ಎರಡು ಮಾತು ಹೇಳಿದರು. “ರುಕ್ಮಯ, ಟೈಮ್ ಕೀಪರಿಗೆ ದೋಸ್ತಿ ಇರ್ಬಾರ್ದು. ಮತ್ತೆ, ಟೈಮ್ ಕೀಪರೇ ಲೇಟಾಗ್ಬಾರ್ದು.” ಎರಡನ್ನೂ ನಾನು ದೇವರ ಅಪ್ಪಣೆಯ ಹಾಗೆ ಪಾಲಿಸಿದೆ. ಮೊದಲನೆಯದಕ್ಕಾಗಿ ಯಾರೊಂದಿಗೂ ಚಹಾ ಕುಡಿಯಲಿಲ್ಲ. ಎರಡನೆಯದಕ್ಕಾಗಿ ನನ್ನ ಕೈಗಡಿಯಾರವನ್ನು ಎರಡು ನಿಮಿಷ ಮುಂದೆ ಇಟ್ಟೆ.

ಇದರಲ್ಲಿ ಆಶ್ಚರ್ಯವೇನಿಲ್ಲ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಗೋಡೆಯ ಗಡಿಯಾರ ಐದೋ ಹತ್ತೋ ನಿಮಿಷ ಮುಂದೆ ಇರುತ್ತದೆ, ಬಸ್ಸು ತಪ್ಪಬಾರದೆಂದು. ಮನೆಯವರೆಲ್ಲರಿಗೂ ಗೊತ್ತಿರುತ್ತದೆ, ಎಲ್ಲರೂ ಮನಸ್ಸಿನಲ್ಲೇ ಕಳೆದುಕೊಳ್ಳುತ್ತಾರೆ. ನಾನೂ ಹಾಗೆಯೇ ಮಾಡುತ್ತಿದ್ದೆ. ರೇಡಿಯೋದಲ್ಲಿ ವಾರ್ತೆಗೆ ಮುಂಚೆ ಬರುವ ಪೀಪ್ ಸದ್ದಿಗೆ ಗಡಿಯಾರ ಹಿಡಿದು ಎರಡು ನಿಮಿಷ ಮುಂದೆ ಇಡುವುದು, ಪುಸ್ತಕದಲ್ಲಿ ಬರೆಯುವಾಗ ಎರಡು ಕಳೆದು ಬರೆಯುವುದು. ಮೊದಲ ಕೆಲವು ತಿಂಗಳು ಸರಿಯಾಗಿ ಕಳೆದೆ. ಆಮೇಲೆ ಬಸ್ಸುಗಳು ಹೆಚ್ಚಾದವು, ಒಟ್ಟೊಟ್ಟಿಗೆ ಮೂರು ಮೂರು ಬಂದು ನಿಂತವು, ಕಂಡಕ್ಟರುಗಳು ನಾಲ್ಕು ಕಡೆಯಿಂದ ಕೂಗತೊಡಗಿದರು. ಕಳೆಯಲಿಕ್ಕೆ ಪುರುಸೊತ್ತಾಗಲಿಲ್ಲ. ಸ್ವಲ್ಪ ಕಾಲದ ಮೇಲೆ ಕಳೆಯಬೇಕು ಎಂಬುದೇ ಮರೆತುಹೋಯಿತು.

ರೇಡಿಯೋ ಕೆಟ್ಟಿತು. ಅನಂತರ ಕೈಗಡಿಯಾರವನ್ನು ಮನೆಯ ಗೋಡೆ ಗಡಿಯಾರ ನೋಡಿ ಸರಿ ಮಾಡುತ್ತಿದ್ದೆ, ಗೋಡೆ ಗಡಿಯಾರದ ಸೆಲ್ಲು ಮುಗಿದಾಗ ಅದನ್ನು ಕೈಗಡಿಯಾರ ನೋಡಿ ಸರಿ ಮಾಡುತ್ತಿದ್ದೆ. ಒಂದಕ್ಕೊಂದು ಸಾಕ್ಷಿ. ಮೊಬೈಲು ಬಂದ ಮೇಲೆ ಯಾರಾದರೂ ಅದನ್ನು ತೋರಿಸಿ ವಾದಿಸಿದರೆ “ಮೊಬೈಲಿನ ಟೈಮು ನಿನ್ನ ಕಿಸೆಯಲ್ಲಿರಲಿ, ಇಲ್ಲಿ ಪಂಪ್‌ವೆಲ್ ಟೈಮ್” ಎನ್ನುತ್ತಿದ್ದೆ. ಆ ಮಾತು ಹಬ್ಬಿತು. ಡ್ರೈವರುಗಳು, ಕಂಡಕ್ಟರುಗಳು ಎಲ್ಲರೂ “ಪಂಪ್‌ವೆಲ್ ಟೈಮ್” ಎಂದು ಹೇಳುವುದು ನನ್ನ ಕಿವಿಗೆ ಬೀಳುತ್ತಿತ್ತು. ನನ್ನ ಶಿಸ್ತಿಗೆ ಬಂದ ಹೆಸರು ಎಂದು ನಾನು ಹಿಗ್ಗಿದೆ. ಗಿರಿಜೆಗೆ, ಅಂದರೆ ನನ್ನ ಹೆಂಡತಿಗೆ, ಹೇಳಿಕೊಂಡದ್ದೂ ಉಂಟು.

ನನಗೆ ಆಗ ಅರ್ಥವಾಗದ ಒಂದು ವಿಚಿತ್ರವಿತ್ತು. ಇಲ್ಲಿಂದ ತೊಕ್ಕೊಟ್ಟಿಗೆ ಹೋಗುವಾಗ ನಮ್ಮ ಬಸ್ಸುಗಳು ಆರಾಮದಲ್ಲಿ ಹೋಗಿ, ಎರಡು ನಿಮಿಷ ಬೇಗ ಮುಟ್ಟಿ, ಡ್ರೈವರುಗಳು ಇಳಿದು ಬೀಡಿ ಸೇದುತ್ತಾರೆ ಎಂದು ಮಹಾಸಭೆಯ ಊಟದಲ್ಲಿ ಉಮರಬ್ಬ ಹೇಳುತ್ತಿದ್ದ. ಅದೇ ಬಸ್ಸುಗಳು ಅಲ್ಲಿಂದ ಇಲ್ಲಿಗೆ ಬರುವಾಗ ಸೇತುವೆಯ ಮೇಲೆ ಭೂತ ಬಂದ ಹಾಗೆ ಓಡುತ್ತವೆ. ಹೋಗುವಾಗ ಸೋಮಾರಿತನ, ಬರುವಾಗ ಹುಚ್ಚು. ಇದು ಈ ಜನರ ಜಾಯಮಾನ ಎಂದು ನಾನು ತೀರ್ಮಾನಿಸಿಬಿಟ್ಟೆ. ಜಾಯಮಾನ ಎಂದು ಹೇಳಿಬಿಟ್ಟರೆ ಮತ್ತೆ ಯೋಚನೆ ಮಾಡುವ ಕೆಲಸವಿಲ್ಲ.

ಓಡದವನು ಒಬ್ಬನೇ, ಶೇಖರ. ದೇರಳಕಟ್ಟೆಯಿಂದ ಬರುವ ಬಸ್ಸಿನ ಡ್ರೈವರು. ಕೃಷಿ ಮಾಡುತ್ತಿದ್ದ ಮನೆಯವನು, ಮೈಕಟ್ಟು ದೊಡ್ಡದು, ಮಾತು ಸಣ್ಣದು. ಅವನ ಬಸ್ಸಿನಲ್ಲಿ ನಿಂತುಕೊಂಡರೂ ಕಂಬಿ ಹಿಡಿಯಬೇಕಾಗಿಲ್ಲ ಎಂದು ಹೆಂಗಸರು ಅದಕ್ಕಾಗಿಯೇ ಕಾದು ಹತ್ತುತ್ತಿದ್ದರು. ಆ ಬಸ್ಸು ದಿನಾ ಎರಡು ನಿಮಿಷ ತಡ. ಒಂದೂವರೆಯಲ್ಲ, ಮೂರಲ್ಲ, ಎರಡು. ನನ್ನ ಪುಸ್ತಕದಲ್ಲಿ ಅವನ ಸಾಲು ಕೆಂಪು ಪಟ್ಟಿಯ ಹಾಗೆ ಕಾಣುತ್ತಿತ್ತು.

ಒಂದು ದಿನ ಅವನು ಸ್ಟೇರಿಂಗ್ ಬಿಟ್ಟು ತಾನೇ ಇಳಿದು ಬಂದ. ಡ್ರೈವರುಗಳು ಹಾಗೆ ಇಳಿದು ಬರುವ ಕ್ರಮವಿಲ್ಲ.

“ರುಕ್ಮಯಣ್ಣ, ನಿಮ್ಮತ್ರ ಒಂದು ಮಾತು ಉಂಟು.”

“ಹಿಂದೆ ಗಾಡಿ ಬಂತು ಶೇಖರ. ನಾಳೆ ಹೇಳು. ಹೋಗು, ಹೋಗು.”

ತಡಕ್ಕೆ ಏನೋ ನೆಪ ತಂದಿದ್ದಾನೆ ಎಂದುಕೊಂಡೆ. ಅವನು ಒಂದು ಗಳಿಗೆ ನಿಂತು, ನನ್ನ ಕೈಯನ್ನೇ ನೋಡಿ, ಹಿಂದೆ ಹೋಗಿ ಬಸ್ಸು ಹತ್ತಿದ. ಕಂಡಕ್ಟರು “ರೈಟ್ ಪೋಯಿ” ಎಂದ, ಬಸ್ಸು ಹೋಯಿತು.

ಅದಾಗಿ ಕೆಲವು ವಾರಕ್ಕೆ ನನಗೆ ತಾಳ್ಮೆ ತಪ್ಪಿತು. ಎಲ್ಲರೂ ಸರಿಯಾಗಿ ಬರುವಾಗ ಇವನಿಗೆ ಮಾತ್ರ ಎಂತ ದೊಡ್ಡಸ್ತಿಕೆ ಎಂದು ಸಿಟ್ಟು ಬಂದು, ಕಿಟಕಿಯ ಹತ್ತಿರ ಹೋಗಿ ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. “ನಾಳೆ ಒಂದು ನಿಮಿಷ ಲೇಟಾದರೂ ನಿನ್ನ ಟ್ರಿಪ್ ಕಟ್. ವಾರವಿಡೀ ಕಟ್. ಧಣಿಗೆ ನಾನೇ ಫೋನ್ ಮಾಡ್ತೇನೆ.” ಅವನು ಗೇರು ಹಾಕಿ ಬಸ್ಸು ಹೊರಡಿಸಿದ.

ಮರುದಿನ ಶೇಖರ ಸರಿಯಾದ ಸಮಯಕ್ಕೆ ಬರುವವನಿದ್ದ. ಜೀವಮಾನದಲ್ಲಿ ಮೊದಲ ಸಲ ಸೇತುವೆಯ ಮೇಲೆ ಎಲ್ಲರ ಹಾಗೆ ಓಡಿಸಿದ. ಸೇತುವೆ ದಾಟಿ ಎಕ್ಕೂರಿನ ಹತ್ತಿರ ಅಡ್ಡ ಬಂದ ಸ್ಕೂಟರನ್ನು ತಪ್ಪಿಸಲಿಕ್ಕೆ ಬ್ರೇಕ್ ಹಾಕಿದ. ಕಂಬಿ ಹಿಡಿಯದೆ ನಿಲ್ಲುವ ಅಭ್ಯಾಸವಾಗಿದ್ದ ಹೆಂಗಸರಲ್ಲಿ ಒಬ್ಬರು ಬಿದ್ದರು. ತೊಕ್ಕೊಟ್ಟಿನ ಟೈಲರ್ ಐರಿನ್ ಬಾಯಿ. ಬಲಗೈ ಮುರಿಯಿತು. ಹೊಲಿಗೆಯ ಕೈ.

ಸಂಘದ ಕಚೇರಿಯಲ್ಲಿ ವಿಚಾರಣೆ ನಡೆಯಿತು. ಪುಸ್ತಕ ತರಲು ಹೇಳಿದರು, ನಾನು ಮೂರು ತಿಂಗಳ ಪುಸ್ತಕ ಬಗಲಲ್ಲಿಟ್ಟುಕೊಂಡು ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಹೋದೆ. ಪುಟ ಪುಟ ತಿರುವಿ ತೋರಿಸಿದೆ. ಕೆಂಪು, ಕೆಂಪು, ಕೆಂಪು. ದಿನಾ ತಡ ಮಾಡುವವನು, ಅದನ್ನು ತುಂಬಿಸಲಿಕ್ಕೆ ಕೊನೆಗೆ ಅಡ್ಡಾದಿಡ್ಡಿ ಓಡಿಸಿದ, ಅಷ್ಟೇ ಎಂದು ಎಲ್ಲರಿಗೂ ಅನಿಸಿತು. “ನನ್ನ ಪುಸ್ತಕ ಸುಳ್ಳು ಹೇಳುದಿಲ್ಲ” ಎಂದೆ. ಆ ಮಾತನ್ನು ನಾನು ಹೇಳಿದ ಧ್ವನಿ ಈಗಲೂ ನನಗೆ ನೆನಪಿದೆ, ನೆನಪಾದಾಗ ನಾಚಿಕೆಯಾಗುತ್ತದೆ. ಹೊರಗೆ ಬರುವಾಗ ಶೇಖರ ಮೆಟ್ಟಿಲಲ್ಲಿ ನಿಂತಿದ್ದ. ಏನೋ ಹೇಳಲಿಕ್ಕೆ ಬಾಯಿ ತೆರೆದ. ನನಗೆ ಕೆಲಸಕ್ಕೆ ತಡವಾಗುತ್ತಿತ್ತು, ಕರೆಸಿದ ರಿಕ್ಷಾ ಕಾಯುತ್ತಿತ್ತು.

ಧಣಿ ಅವನನ್ನು ಸ್ಟೇರಿಂಗಿನಿಂದ ಇಳಿಸಿದರು. ಸಂಘದ ಬೇರೆ ಮಾಲಕರೂ ಕೆಲಸ ಕೊಡಲಿಲ್ಲ. “ಲೇಟ್ ಶೇಖರ” ಎಂಬ ಹೆಸರು ಬಿದ್ದಿತ್ತು. ಅವನು ಗಲ್ಫಿಗೆ ಹೋದ ಎಂದು ಕೇಳಿದೆ. ಆಮೇಲೆ ಬಂದ ಎಂದೂ ಕೇಳಿದೆ. ಕೆಲಸದಲ್ಲಿ ಇಂಥದ್ದೆಲ್ಲ ಆಗುತ್ತದೆ ಎಂದುಕೊಂಡು ಪುಸ್ತಕದ ಹೊಸ ಪುಟ ತಿರುವಿದೆ.

ನನ್ನ ಕೊನೆಯ ತಿಂಗಳಲ್ಲಿ ಬಸ್ಸುಗಳಿಗೆಲ್ಲ ಜಿಪಿಎಸ್ ಎಂಬ ಹೊಸ ಯಂತ್ರ ಹಾಕಿಸಿದರು. ಪ್ರಜ್ಞಾ ಬಂದಳು, ಸ್ಕ್ರೀನು ಬಂತು. ನಾನು ಅದನ್ನು ನೋಡಿ ಮೂಗು ಮುರಿದೆ. ನಾಲ್ಕು ದಿನ ಎರಡೂ ಒಟ್ಟಿಗೆ ನಡೆಯಲಿ, ನನ್ನ ಪುಸ್ತಕವೂ ಅವಳ ಸ್ಕ್ರೀನೂ ಎಂದು ಸಂಘದವರು ಹೇಳಿದ್ದರು. ಐದನೆಯ ದಿನ ಅವಳು ಪಂಪ್‌ವೆಲ್ಲಿಗೆ ಬಂದಳು. ಬಿಸಿಲಿಗೆ ದುಪ್ಪಟ್ಟಾ ತಲೆಗೆ ಹೊದ್ದುಕೊಂಡು, ಕೈಯಲ್ಲಿ ಒಂದು ಕಾಗದ ಹಿಡಿದು ನಿಂತಳು.

“ಅಂಕಲ್, ನಿಮ್ಮ ಪುಸ್ತಕಕ್ಕೂ ನಮ್ಮದಕ್ಕೂ ಎರಡು ನಿಮಿಷ ಡಿಫರೆನ್ಸ್ ಬರ್ತದೆ.”

“ಯಾವ ಗಾಡಿಗೆ?”

“ಎಲ್ಲ ಗಾಡಿಗೂ. ಎಲ್ಲ ದಿವಸವೂ. ಕರೆಕ್ಟ್ ಎರಡು.”

“ನಿಮ್ಮದು ಆಕಾಶದಿಂದ ಬರುದಲ್ವಾ? ಅಷ್ಟು ದೂರದಿಂದ ಬರ್ಲಿಕ್ಕೆ ಎರಡು ನಿಮಿಷ ಹಿಡಿಯುದಿಲ್ವಾ?” ಎಂದೆ.

ಅವಳು ಒಳ್ಳೆಯ ಹುಡುಗಿ, ನಗಲಿಲ್ಲ. ತನ್ನ ಮೊಬೈಲನ್ನು ನನ್ನ ಕೈಗಡಿಯಾರದ ಪಕ್ಕ ಹಿಡಿದಳು. ಆಮೇಲೆ ನಮ್ಮ ಹಿಂದೆ ಇದ್ದ ಹಣ್ಣಿನ ಅಂಗಡಿಯವನ ಮೊಬೈಲನ್ನೂ ತರಿಸಿ ಹಿಡಿದಳು. ಎರಡೂ ನನ್ನದಕ್ಕಿಂತ ಎರಡು ನಿಮಿಷ ಹಿಂದೆ. ನನಗೆ ಮೊದಲು ಬಂದದ್ದು ಸಿಟ್ಟು. ಮನೆಗೆ ಹೋಗಿ, ಗೋಡೆ ಗಡಿಯಾರದ ಕೆಳಗೆ ಕುರ್ಚಿ ಹಾಕಿಕೊಂಡು ಕೂತೆ. ಗಿರಿಜೆ ಚಹಾ ತಂದಿಟ್ಟಳು, ತಣ್ಣಗಾಯಿತು. ಮೂವತ್ತು ವರ್ಷದ ಹಿಂದೆ ಪೀಪ್ ಸದ್ದಿಗೆ ಗಡಿಯಾರ ಹಿಡಿದು ಮುಳ್ಳು ಮುಂದೆ ಮಾಡಿದ್ದು ನಿಧಾನವಾಗಿ ನೆನಪಿಗೆ ಬಂತು.

ಆಮೇಲೆ ಒಂದೊಂದೇ ಬಿಚ್ಚಿಕೊಂಡಿತು. ನನ್ನ ಗಡಿಯಾರ ಎರಡು ನಿಮಿಷ ಮುಂದೆ, ಉಮರಬ್ಬನದು ಸರಿ. ಇಲ್ಲಿಂದ ಹೊರಟ ಬಸ್ಸಿಗೆ ಹದಿನೈದು ನಿಮಿಷದ ದಾರಿಗೆ ಹದಿನೇಳು ನಿಮಿಷ, ಅದಕ್ಕೇ ಬೀಡಿ. ಅಲ್ಲಿಂದ ಹೊರಟ ಬಸ್ಸಿಗೆ ಹದಿಮೂರೇ ನಿಮಿಷ, ಅದಕ್ಕೇ ಹುಚ್ಚು ಓಟ. ಇಷ್ಟು ವರ್ಷ ಸೇತುವೆಯ ಮೇಲೆ ಡ್ರೈವರುಗಳು ಪ್ರಾಣ ಪಣಕ್ಕಿಟ್ಟು ಹಿಡಿಯಲು ಹೋದದ್ದು ಇಲ್ಲದ ಎರಡು ನಿಮಿಷವನ್ನು. ಸರಿಯಾದ ಹದಿನೈದು ನಿಮಿಷದಲ್ಲಿ ಬಸ್ಸು ಓಡಿಸಿದವನು ಶೇಖರ ಒಬ್ಬನೇ. ಅವನು ಒಂದು ದಿನವೂ ತಡ ಮಾಡಿದವನಲ್ಲ. ಇದನ್ನು ಗ್ರೂಪಿನಲ್ಲಿ ಎಲ್ಲರೂ ಇನ್ನೊಮ್ಮೆ ಓದಿಕೊಳ್ಳಬೇಕು. ಶೇಖರ ಒಂದು ದಿನವೂ ತಡ ಮಾಡಿದವನಲ್ಲ.

ಮರುದಿನವೇ ಅವನನ್ನು ಹುಡುಕಿ ಹೋಗಿ ಹೇಳಬೇಕಿತ್ತು. ತೊಕ್ಕೊಟ್ಟಿನ ಮಾರ್ಕೆಟಿನಲ್ಲಿ ಭಾವನ ಬಾಳೆಹಣ್ಣಿನ ಅಂಗಡಿಯಲ್ಲಿ ಕೂರುತ್ತಾನೆ ಎಂದು ಒಬ್ಬ ಕಂಡಕ್ಟರು ಹೇಳಿದ್ದ. ಶಕ್ತಿನಗರದಿಂದ ಎರಡು ಬಸ್ಸು, ಒಂದು ಗಂಟೆಯ ದಾರಿ. ನಾನು ಹೋಗಲಿಲ್ಲ. ಮೊದಲು ಬೀಳ್ಕೊಡುಗೆಯ ಗಡಿಬಿಡಿ. ಶಾಲು ಹೊದಿಸಿ, ಗೋಡೆಗೆ ತೂಗುಹಾಕುವ ಒಂದು ಗಡಿಯಾರವನ್ನೇ ಉಡುಗೊರೆ ಕೊಟ್ಟರು, ಬೇರೆ ಏನೂ ಸಿಗಲಿಲ್ಲ ಇವರಿಗೆ. ಆಮೇಲೆ ಗಿರಿಜೆಯ ತಂಗಿಯ ಮನೆ ಒಕ್ಕಲು. ಆಮೇಲೆ ನನ್ನ ಮಂಡಿನೋವು. ಆಮೇಲೆ ಮಳೆ. ಒಂದು ದಿನ ಪ್ರಜ್ಞಾ ಫೋನು ಮಾಡಿ “ಬರೆದಾಯ್ತಾ ಅಂಕಲ್?” ಎಂದಾಗ “ಈ ವಾರ ಸ್ವಲ್ಪ ಬ್ಯುಸಿ ಮಗಾ” ಎಂದೆ. ಗಿರಿಜೆ ಬಸಳೆ ಸೋಸುತ್ತಿದ್ದವಳು ತಲೆ ಎತ್ತಿದಳು.

“ಎಂತ ಬ್ಯುಸಿ ನಿಮಗೆ? ಬೆಳಿಗ್ಗೆಯಿಂದ ಫೋನಲ್ಲಿ ಯುದ್ಧ ನೋಡ್ತಾ ಇದ್ದೀರಿ.”

“ಅದು ಬೇರೆ.”

“ಅದು ಬೇರೆ ಎಂತದು ಅಲ್ಲ. ಹೆದರಿಕೆಗೆ ಬ್ಯುಸಿ ಅಂತ ಹೆಸರಿಟ್ಟಿದ್ದೀರಿ. ನಾಳೆ ಹೋಗಿ ಬನ್ನಿ. ಬರುವಾಗ ಬಾಳೆಹಣ್ಣು ತನ್ನಿ.”

ಮರುದಿನ ಹೋದೆ. ಪಂಪ್‌ವೆಲ್ಲಿನಲ್ಲಿ ಬಸ್ಸು ಬದಲಿಸುವಾಗ ನಾನು ನಿಲ್ಲುತ್ತಿದ್ದ ಜಾಗದಲ್ಲಿ ಯಾರೂ ಇರಲಿಲ್ಲ. ಕಂಡಕ್ಟರು ನನ್ನನ್ನು ಗುರುತಿಸಲಿಲ್ಲ. “ದುಂಬು ಪೋಲೆ, ದುಂಬು ಪೋಲೆ” ಎಂದು ಎಲ್ಲರ ಜೊತೆ ನನ್ನನ್ನೂ ಮುಂದಕ್ಕೆ ತಳ್ಳಿದ. ಸೇತುವೆಯ ಮೇಲೆ ಬಸ್ಸು ಓಡಿದ ಓಟಕ್ಕೆ ನಾನು ಎರಡು ಕೈಯಲ್ಲಿ ಕಂಬಿ ಹಿಡಿದೆ. ಈಗ ಪಂಪ್‌ವೆಲ್ ಟೈಮ್ ಇಲ್ಲ, ಎಲ್ಲ ಆಕಾಶದಿಂದ ಬರುತ್ತದೆ, ಆದರೂ ಓಡುತ್ತಾರೆ. ಕೆಂಪು ಚುಕ್ಕೆಯ ಹೆದರಿಕೆ ಕೆಂಪು ಶಾಯಿಯ ಹೆದರಿಕೆಗಿಂತ ಕಡಿಮೆಯೇನಲ್ಲ. ಪ್ರಜ್ಞಾ, ಇದನ್ನು ನೀನು ಮುಖ್ಯವಾಗಿ ಓದು. ಸ್ಕ್ರೀನಿನಲ್ಲಿ ಒಂದು ಚುಕ್ಕೆ ದಿನಾ ಒಂದೇ ಲೆಕ್ಕದಲ್ಲಿ ಕೆಂಪಾಗುತ್ತಿದ್ದರೆ, ಡ್ರೈವರನಿಗೆ ಫೋನು ಮಾಡುವ ಮೊದಲು ನಿನ್ನ ಗಡಿಯಾರ ನೋಡಿಕೋ.

ಶೇಖರ ಅಂಗಡಿಯಲ್ಲಿ ಇದ್ದ. ತಲೆ ಬೆಳ್ಳಗಾಗಿದೆ, ಮೈಕಟ್ಟು ಹಾಗೆಯೇ ಇದೆ. ಒಬ್ಬ ಹೆಂಗಸಿಗೆ ಕದಳಿ ಬಾಳೆಹಣ್ಣು ತೂಗುತ್ತಿದ್ದವನು ನನ್ನನ್ನು ನೋಡಿ, ತೂಗಿ ಮುಗಿಸಿ, ಕಟ್ಟಿ ಕೊಟ್ಟು, ಆಮೇಲೆ “ರುಕ್ಮಯಣ್ಣ, ಬನ್ನಿ” ಎಂದ. ಒಂದು ಸ್ಟೂಲು ಎಳೆದು ಇಟ್ಟ. ನಾನು ಕೂರಲಿಲ್ಲ. ಬಸ್ಸಿನಲ್ಲಿ ಬರುವಾಗ ಜೋಡಿಸಿಕೊಂಡ ಮಾತೆಲ್ಲ ಕೈಕೊಟ್ಟಿತು.

“ಶೇಖರ, ನನ್ನ ವಾಚು ಎರಡು ನಿಮಿಷ ಮುಂದೆ ಇತ್ತು ಮಾರಾಯ. ಅಷ್ಟು ವರ್ಷ. ನೀನು ಲೇಟ್ ಆಗಿದ್ದದ್ದಲ್ಲ.”

ಅವನು ತಕ್ಕಡಿಯ ತಟ್ಟೆಯನ್ನು ಬಟ್ಟೆಯಿಂದ ಒರೆಸಿದ.

“ಗೊತ್ತುಂಟು” ಎಂದ.

“ಈಗ ಗೊತ್ತಾದದ್ದಾ?”

“ಆಗಲೇ ಗೊತ್ತಿತ್ತು. ಎಲ್ಲರಿಗೂ ಗೊತ್ತಿತ್ತು. ಪಂಪ್‌ವೆಲ್ ಟೈಮ್ ಅಂತ ಮತ್ತೆ ಎಂತಕ್ಕೆ ಹೇಳ್ತಿದ್ದದ್ದು?”

ಸ್ಟೂಲಿನಲ್ಲಿ ಕೂತೆ. ನನಗೆ ಸಿಟ್ಟು ಬಂತು, ಸಿಟ್ಟು ಬರುವ ಹಕ್ಕು ನನಗಿರಲಿಲ್ಲ, ಆದರೂ ಬಂತು.

“ಮತ್ತೆ ಒಬ್ಬನಾದರೂ ನನಗೆ ಬಿಡಿಸಿ ಹೇಳ್ಬಾರ್ದಿತ್ತಾ? ನೀನಾದರೂ ಹೇಳ್ಬಾರ್ದಿತ್ತಾ?”

“ಬೇರೆಯವರಿಗೆ ಎಂತಕ್ಕೆ ಬೇಕು, ಅವರು ಓಡಿಸಿ ಹೊಂದಿಸಿಕೊಳ್ತಿದ್ರು. 'ನೀನೂ ಓಡಿಸು ಮಾರಾಯ, ಆ ಜನದತ್ರ ಮಾತಾಡಿ ಆಗುದಲ್ಲ' ಅಂತ ನಂಗೂ ಹೇಳ್ತಿದ್ರು. ನಾನು ಮೂರು ಸಲ ಬಂದೆ ನಿಮ್ಮತ್ರ. ಒಂದು ಸಲ ಗಾಡಿ ನಿಲ್ಲಿಸಿ ಇಳಿದು ಬಂದೆ, ನಾಳೆ ಹೇಳು ಅಂದ್ರಿ. ನಾಳೆ ಬಂದೆ, ಕೈ ಅಡ್ಡ ಹಿಡಿದು ಹೋಗು ಹೋಗು ಅಂದ್ರಿ. ಕೊನೆಗೆ ಸಂಘದ ಮೆಟ್ಟಿಲಲ್ಲಿ ನಿಂತೆ, ರಿಕ್ಷಾ ಹತ್ತಿದ್ರಿ.” ಅವನ ಧ್ವನಿಯಲ್ಲಿ ಜಗಳ ಇರಲಿಲ್ಲ. “ಹೇಳ್ಲಿಕ್ಕೆ ಅರ್ಧ ನಿಮಿಷ ಸಾಕಿತ್ತು. ನಿಮಗೆ ಪುರುಸೊತ್ತು ಇರ್ಲಿಲ್ಲ.”

ಅಂಗಡಿಯ ಎದುರು ಒಂದು ಬಸ್ಸು ಹೋಯಿತು, ಅದರ ಹಿಂದೆಯೇ ಇನ್ನೊಂದು ಹಾರ್ನು ಒತ್ತುತ್ತ ಬಂತು. “ನನ್ನದು ತಪ್ಪಾಯ್ತು ಶೇಖರ” ಎಂದೆ. ಹಾರ್ನಿನಲ್ಲಿ ಕೇಳಿಸಿತೋ ಇಲ್ಲವೋ ಎಂದು ಇನ್ನೊಮ್ಮೆ ಹೇಳಿದೆ. ಅವನು ಕೇಳಿಸಿತು ಎಂಬಂತೆ ತಲೆ ಆಡಿಸಿದ. ಸಂಘದ ಗ್ರೂಪಿಗೆ ಎಲ್ಲ ಬರೆದು ಹಾಕುತ್ತೇನೆ, ನಿನ್ನ ಹೆಸರು ಸರಿ ಮಾಡುತ್ತೇನೆ ಎಂದೆ. “ಹಾಕಿ. ನನಗಿನ್ನು ಸ್ಟೇರಿಂಗ್ ಬೇಡ. ನನ್ನ ಮಗಳು ಓದ್ತಾಳೆ, ಅವಳಿಗೆ ಗೊತ್ತಾಗ್ಲಿ” ಎಂದ.

ಆಮೇಲೆ ಅವನ ಕಣ್ಣು ನನ್ನ ಕೈಯ ಮೇಲೆ ಬಿತ್ತು.

“ಅದೇ ವಾಚಾ?”

“ಅದೇ.”

ಅವನು ತನ್ನ ಮೊಬೈಲನ್ನು ನನ್ನ ಮಣಿಕಟ್ಟಿನ ಹತ್ತಿರ ತಂದ. ನೋಡಿದ. ನನ್ನ ಮುಖ ನೋಡಿದ.

“ಇನ್ನೂ ಸರಿ ಮಾಡ್ಲಿಲ್ವಾ ರುಕ್ಮಯಣ್ಣ?”

ತಿಳಿದು ಎಂಟು ತಿಂಗಳಾಗಿತ್ತು. ನನ್ನ ಬಾಯಿಯಿಂದ ತಾನಾಗಿಯೇ ಬಂತು, “ಪುರುಸೊತ್ತಾಗಲಿಲ್ಲ.”

ಅವನು ನಗಲಿಲ್ಲ, ಬೈಯಲೂ ಇಲ್ಲ. “ಕೊಡಿ ಇಲ್ಲಿ” ಎಂದು ಗಡಿಯಾರ ಬಿಚ್ಚಿಸಿಕೊಂಡ. ದೊಡ್ಡ ಬೆರಳಿನ ಉಗುರಿನಿಂದ ಕೀ ಎಳೆದು, ಮೊಬೈಲು ನೋಡುತ್ತ, ಮುಳ್ಳನ್ನು ಎರಡು ನಿಮಿಷ ಹಿಂದೆ ತಂದ. ಅದಕ್ಕೆ ಅರ್ಧ ನಿಮಿಷವೂ ಹಿಡಿಯಲಿಲ್ಲ. ನನ್ನ ಕೈಗೆ ತಾನೇ ಕಟ್ಟಿದ.

“ನನ್ನದು ಆಯ್ತು” ಎಂದ. “ಐರಿನ್ ಬಾಯಿ ಈಗಲೂ ಇಲ್ಲೇ ಇದ್ದಾರೆ, ಮೀನು ಮಾರ್ಕೆಟಿನ ಆಚೆ ಅಂಗಡಿ. ಆ ಕೈ ಮೊದಲಿನ ಹಾಗೆ ಆಗ್ಲಿಲ್ಲ. ಫಾಲ್ಸು, ಬಟನು ಮಾತ್ರ ಹಾಕ್ತಾರೆ. ಬಿದ್ದದ್ದು ನನ್ನಿಂದ ಅಂತ ನಾನು ಹೋಗಿ ಹೇಳಿ ಬಂದಿದ್ದೇನೆ, ಆವಾಗಲೇ. ಯಾಕೆ ಓಡಿಸಿದೆ ಅಂತ ಅವರು ಕೇಳಿದ್ರು. ಅದನ್ನು ಹೇಳ್ಬೇಕಾದವ ನಾನಲ್ಲ.”

ಊಟಕ್ಕೆ ಮುಚ್ಚುವ ಮೊದಲು ಹೋದರೆ ಸಿಗುತ್ತಾರೆ ಎಂದ. ನಾನು ಎದ್ದೆ. ಅಂಗಡಿಯ ಮುಂದೆ ನಿಂತು ಎಷ್ಟು ದೂರ ಎಂದು ಕೇಳಿದೆ.

“ದೂರ ಎಂತ ಇಲ್ಲ. ಎರಡು ನಿಮಿಷದ ದಾರಿ.”

ನಾನು ನಿಧಾನವಾಗಿ ನಡೆದೆ.